ವನ್ಯಜೀವಿ ಅಂಗಾಂಶ ಸಂಗ್ರಹವನ್ನು ಹಲವರು ಸೇರಿ ಕಾಪಾಡುವ ಕ್ರಮ

ಪಶ್ಚಿಮ ಘಟ್ಟದ ಕಪ್ಪೆಯ ಸ್ನಾಯುವಿನ ತುಣುಕು, ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಪುನುಗು ಬೆಕ್ಕಿನ ಯಕೃತ್ತು, ಬಾವಲಿಯ ರೆಕ್ಕೆಯಿಂದ ತೆಗೆದ ಚರ್ಮದ ಸಣ್ಣ ಚೂರು, ಇಂಥವನ್ನು ಹಲವು ಪ್ರಯೋಗಾಲಯಗಳು ಒಂದೆಡೆ ಇಟ್ಟು ಬಳಸುವುದಾದರೆ ಫ್ರೀಜರ್ ಕೊಳ್ಳುವ ಮುನ್ನವೇ ದಾಖಲೆಯ ಕ್ರಮವನ್ನು ಗಟ್ಟಿಮಾಡಿಕೊಳ್ಳಿ. ಎಲ್ಲಿ, ಯಾವಾಗ, ಯಾರು, ಯಾವ ಅನುಮತಿಯ ಮೇಲೆ ಸಂಗ್ರಹಿಸಿದರೆಂದು ತಿಳಿಯದ ಅಂಗಾಂಶ ಎಷ್ಟೇ ಚೆನ್ನಾಗಿ ಉಳಿದಿದ್ದರೂ ಸಂಶೋಧನೆಗೆ ಹೆಚ್ಚು ಉಪಯೋಗವಾಗದು.

ಪ್ರತಿ ಟ್ಯೂಬಿಗೂ ಮತ್ತೆಂದೂ ಬೇರೊಂದಕ್ಕೆ ಬಳಸದ ಸಂಖ್ಯೆಯೊಂದನ್ನು ಕೊಡಿ. ಆ ಸಂಖ್ಯೆಯ ಎದುರು ಅಕ್ಷಾಂಶ, ರೇಖಾಂಶ, ದಿನಾಂಕ, ಅಂಗಾಂಶದ ಬಗೆ, ಸಂರಕ್ಷಿಸಿದ ವಿಧಾನ ಮತ್ತು ಅನುಮತಿ ಪತ್ರದ ಸಂಖ್ಯೆ ಇರಲಿ. ಪ್ರಾಣಿಯ ದೇಹವನ್ನು ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದರೆ ಅಲ್ಲಿನ ಕ್ರಮಸಂಖ್ಯೆಯನ್ನೂ, ಪ್ರಾಣಿಯನ್ನು ಜೀವಂತವಾಗಿ ಬಿಟ್ಟುಬಿಟ್ಟಿದ್ದರೆ ಅದರ ಛಾಯಾಚಿತ್ರಗಳನ್ನೂ ಸೇರಿಸಿ. ಒಂದೇ ಪ್ರಭೇದವೆಂದು ತಿಳಿದಿದ್ದ ಘಟ್ಟದ ಕಪ್ಪೆಗಳು ಹಲವು ಪ್ರಭೇದಗಳೆಂದು ಮತ್ತೆ ಮತ್ತೆ ಗೊತ್ತಾಗುತ್ತಿರುವುದರಿಂದ, ಟ್ಯೂಬಿನ ಮೇಲೆ ಬರೆದ ಹೆಸರು ನಾಳೆ ಬದಲಾಗಬಹುದು, ಆದರೆ ದೇಹವೋ ಚಿತ್ರವೋ ಇದ್ದರೆ ಗುರುತನ್ನು ಪುನಃ ಪರಿಶೀಲಿಸಬಹುದು. ಮಾರ್ಕರ್ ಶಾಯಿ, ಅಂಗಾಂಶವನ್ನು ಮುಳುಗಿಸಿಡುವ ಇಥನಾಲ್ (ಮದ್ಯಸಾರ) ತಗುಲಿದರೆ ಅಳಿಸಿಹೋಗುತ್ತದೆ. ಆದ್ದರಿಂದ ದಪ್ಪ ಕಾಗದದ ಚೀಟಿಯ ಮೇಲೆ ಪೆನ್ಸಿಲಿನಿಂದ ಸಂಖ್ಯೆ ಬರೆದು ಟ್ಯೂಬಿನ ಒಳಗೂ ಹಾಕುವುದು ಕ್ಷೇಮ.

ಡಿಎನ್‌ಎಗಾಗಿ ಇಡುವ ಅಂಗಾಂಶವನ್ನು ಫಾರ್ಮಲಿನ್‌ಗೆ ಹಾಕಲೇಬೇಡಿ, ಅದು ಡಿಎನ್‌ಎಯನ್ನು ತುಂಡರಿಸಿ ಬಂಧಿಸಿಬಿಡುತ್ತದೆ. ದೇಹವನ್ನು ಫಾರ್ಮಲಿನ್‌ನಲ್ಲಿ ಇಡುವ ಉದ್ದೇಶವಿದ್ದರೆ ಅದಕ್ಕೆ ಮೊದಲೇ ತುಣುಕನ್ನು ತೆಗೆದುಕೊಳ್ಳಿ. ತುಣುಕು ಚಿಕ್ಕದಾಗಿರಲಿ, ಅದರ ಐದರಿಂದ ಹತ್ತು ಪಟ್ಟು ಇಥನಾಲ್ ಇರಲಿ, ಇಥನಾಲ್ ಶೇ. 95ಕ್ಕಿಂತ ಕಡಿಮೆ ಶುದ್ಧತೆಯದ್ದಾಗಬಾರದು. ಅಂಗಾಂಶದ ನೀರು ಹೊರಬಂದು ದ್ರವವನ್ನು ತೆಳುವಾಗಿಸುವುದರಿಂದ ಒಂದೆರಡು ದಿನದಲ್ಲಿ ಅದನ್ನು ಬದಲಿಸಬೇಕು. ಮಳೆಗಾಲದ ಕ್ಷೇತ್ರಕಾರ್ಯದ ಗಡಿಬಿಡಿಯಲ್ಲಿ ಎಲ್ಲಕ್ಕಿಂತ ಮೊದಲು ಮರೆತುಹೋಗುವ ಕೆಲಸ ಇದೇ. ಆರ್‌ಎನ್‌ಎ ಬೇಕಾದರೆ ಇಥನಾಲನ್ನು ನೆಚ್ಚಬೇಡಿ, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ.

ತಾನಾಗಿಯೇ ಮಂಜು ಕರಗಿಸಿಕೊಳ್ಳುವ ಗೃಹಬಳಕೆಯ ಫ್ರೀಜರ್ ಇಲ್ಲಿ ಬೇಡ, ಅದರ ತಾಪ ಏರಿಳಿಯುತ್ತಲೇ ಇರುತ್ತದೆ. ವಿದ್ಯುತ್ ಹೋದಾಗ ಎಚ್ಚರಿಸುವ ಗಂಟೆ, ಜನರೇಟರ್, ಬದಲಿ ಫ್ರೀಜರಿನಲ್ಲಿ ಖಾಲಿ ಜಾಗ, ಮೂರೂ ಇರಲಿ. ಸಾಧ್ಯವಾದರೆ ಪ್ರತಿ ಮಾದರಿಯ ಅರ್ಧವನ್ನು ಬೇರೊಂದು ಸಂಸ್ಥೆಯಲ್ಲಿ ಇರಿಸುವುದು ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡ ಭದ್ರತೆ.

ಮಲೆನಾಡಿನಲ್ಲಿ ಸತ್ತು ಬಿದ್ದ ಮಂಗದ ಅಂಗಾಂಶವನ್ನು ಉತ್ಸಾಹದಿಂದ ತೆಗೆಯಲು ಹೋಗಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ರಕ್ತ ಹೀರುವ ಉಣ್ಣೆಹುಳುಗಳಿಂದ (ಉಣುಗುಗಳಿಂದ) ಮನುಷ್ಯರಿಗೂ ಹರಡುತ್ತದೆ. ಮೊದಲು ಆರೋಗ್ಯ ಮತ್ತು ಅರಣ್ಯ ಇಲಾಖೆಗಳಿಗೆ ತಿಳಿಸಿ.

ಸತ್ತ ಪ್ರಾಣಿಯದ್ದಾದರೂ ಸಂರಕ್ಷಿತ ವನ್ಯಜೀವಿಯ ಅಂಗಾಂಶಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಮಾದರಿ ವಿದೇಶಕ್ಕೆ ಹೋಗುವುದಾದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯ ನಿಯಮಗಳನ್ನೂ, ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅಗತ್ಯ ಅನುಮತಿಯನ್ನೂ ಮುಂಚೆಯೇ ವಿಚಾರಿಸಿಕೊಳ್ಳಿ.

ಹಂಚುವಾಗ ಮೂಲ ಟ್ಯೂಬನ್ನು ಎಂದೂ ಕಳಿಸಬೇಡಿ. ತಂಪು ತಟ್ಟೆಯ ಮೇಲೆ, ಶುದ್ಧಗೊಳಿಸಿದ ಅಥವಾ ಹೊಸ ಬ್ಲೇಡಿನಿಂದ ಸಣ್ಣ ಚೂರು ಕತ್ತರಿಸಿ ಕಳಿಸಿ. ಪಡೆಯುವವರು ಪ್ರಕಟಿಸುವ ಡಿಎನ್‌ಎ ಸರಣಿಯ ಜೊತೆ ನಿಮ್ಮ ಸಂಖ್ಯೆಯನ್ನು ಕಾಣಿಸಬೇಕು, ಉಳಿದದ್ದನ್ನು ಮರಳಿಸಬೇಕು, ಮೂರನೆಯವರಿಗೆ ದಾಟಿಸಬಾರದು ಎಂಬುದನ್ನು ಲಿಖಿತವಾಗಿ ಒಪ್ಪಿಸಿಕೊಳ್ಳಿ. ಯಾವುದೇ ಮಾದರಿಯಲ್ಲಿ ಉಳಿದಿರುವುದು ಒಂದೇ ಒಂದು ತುಣುಕಾದರೆ ಅಂಗಾಂಶವನ್ನು ಕೊಡುವ ಬದಲು ನೀವೇ ಅದರ ಸ್ವಲ್ಪ ಭಾಗದಿಂದ ಡಿಎನ್‌ಎ ಬೇರ್ಪಡಿಸಿ, ಕೇಳಿದವರಿಗೆ ಅದರ ಪಾಲನ್ನು ಕಳಿಸಿ.