ಬಂದೂಕು ಇಟ್ಟುಕೊಂಡು ಕೆನಡಾ ಗಡಿ ದಾಟುವುದು: ನನ್ನ ಅನುಭವ

ಬಾತುಬೇಟೆಗೆಂದು ಅಮೆರಿಕದ ನಾರ್ತ್ ಡಕೋಟಾದಿಂದ ಕೆನಡಾದ ಸಸ್ಕ್ಯಾಚೆವಾನ್‌ಗೆ ಕಾರಿನಲ್ಲಿ ಹೋಗುವುದು ನನಗೀಗ ರೂಢಿಯಾಗಿದೆ. ಡಿಕ್ಕಿಯಲ್ಲಿ ನನ್ನದೇ ಶಾಟ್‌ಗನ್, ಅಂದರೆ ಸಣ್ಣ ಚರೆಗಳನ್ನು ಹಾರಿಸುವ ಬಂದೂಕು, ಇರುತ್ತದೆ. "ಬಂದೂಕು ಸಮೇತ ಇನ್ನೊಂದು ದೇಶಕ್ಕೆ ಹೋಗ್ತೀಯಲ್ಲ ಮಾರಾಯ, ಹಿಡಿದು ಒಳಗೆ ಹಾಕಲ್ವಾ?" ಎಂದು ಕನ್ನಡದ ಗೆಳೆಯರು ಕೇಳುತ್ತಲೇ ಇರುತ್ತಾರೆ. ಹಾಕುವುದಿಲ್ಲ. ಇದೆ ಅಂತ ಹೇಳಿ ಒಯ್ಯುವ ಬಂದೂಕಿನಿಂದ ತೊಂದರೆಯಾದದ್ದನ್ನು ನಾನು ಕಂಡಿಲ್ಲ. ಕಾರಿನ ಯಾವುದೋ ಮೂಲೆಯಲ್ಲಿ ಉಳಿದುಹೋದ, ಬಾಯಿಬಿಟ್ಟು ಹೇಳದ ಸಾಮಾನಿನಿಂದಲೇ ಜನ ಸಿಕ್ಕಿಬೀಳುವುದು.

ಮೊದಲು ಒಂದು ಮಾತು. ನನ್ನ ಹತ್ತಿರ ಗ್ರೀನ್ ಕಾರ್ಡ್ ಇದೆ, ಪಾಸ್‌ಪೋರ್ಟ್ ಭಾರತದ್ದು. ಗ್ರೀನ್ ಕಾರ್ಡ್ ಇದ್ದವರಿಗೆ ಕೆನಡಾ ವೀಸಾ ಬೇಡ, ಆದರೆ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಕೈಯಲ್ಲಿರಬೇಕು. ಎಚ್-1ಬಿ ಎಂಬ ಕೆಲಸದ ವೀಸಾ ಮೇಲಿರುವವರು ನನ್ನ ದಾರಿ ಹಿಡಿಯಬೇಡಿ. ಅವರು ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳುವುದೇ ಸಾಮಾನ್ಯವಾಗಿ ನಿಷಿದ್ಧ. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು ನಿಜ, ಆದರೆ ಬಂದೂಕನ್ನು ದೇಶದೊಳಗೆ ತರುವಾಗ ಬಂದೂಕುಗಳ ಮೇಲೆ ಕಣ್ಣಿಡುವ ಎಟಿಎಫ್ ಇಲಾಖೆಯ ಬೇರೆಯೇ ಪರವಾನಗಿ ಬೇಕಾಗುತ್ತದೆ. ವಕೀಲರನ್ನು ಕೇಳದೆ ಹೊರಡಬೇಡಿ.

ನನ್ನ ತಯಾರಿ ಶುರುವಾಗುವುದು ಅಮೆರಿಕದ ಕಸ್ಟಮ್ಸ್ ಕಚೇರಿಯಿಂದ. ಅಲ್ಲಿ 4457 ಎಂಬ ಫಾರಂ ಇದೆ. ವಿದೇಶಕ್ಕೆ ಒಯ್ಯುವ ವಸ್ತು ಮೊದಲಿನಿಂದಲೂ ನಮ್ಮದೇ, ಅಲ್ಲಿ ಕೊಂಡು ತಂದದ್ದಲ್ಲ ಅಂತ ತೋರಿಸುವ ಚೀಟಿ ಅದು. ಕ್ಯಾಮೆರಾ, ವಾಚುಗಳಿಗೂ ಇದೇ ಫಾರಂ. ಬಂದೂಕಿನ ಮೇಕು, ಮಾಡೆಲ್ಲು, ಸೀರಿಯಲ್ ನಂಬರ್ ಬರೆದುಕೊಂಡು, ಬಂದೂಕನ್ನೂ ಜೊತೆಗೇ ಒಯ್ಯಬೇಕು. ಅಧಿಕಾರಿ ನಂಬರು ತಾಳೆ ನೋಡಿ ಸೀಲು ಹಾಕಿ ವಾಪಸ್ ಕೊಡುತ್ತಾರೆ. ನಾನು ಮೊದಲೇ ಫೋನ್ ಮಾಡಿ, ಬಂದೂಕು ತರುತ್ತಿದ್ದೇನೆ ಅಂತ ತಿಳಿಸಿ, ಅದನ್ನು ಕಾರಿನಲ್ಲೇ ಬಿಟ್ಟು ಒಳಗೆ ಹೋಗಿ ಹೇಳುತ್ತೇನೆ. ಬಂದೂಕಿನ ಪೆಟ್ಟಿಗೆ (ಕೇಸು) ಹಿಡಿದುಕೊಂಡು ಸರ್ಕಾರಿ ಕಚೇರಿಗೆ ನುಗ್ಗುವುದು ಯಾರಿಗೂ ಹಿತವಲ್ಲ. ಅಮೆರಿಕದ ರಫ್ತು ನಿಯಮದ ಪ್ರಕಾರ ಸ್ವಂತ ಬಳಕೆಗೆ 3 ಬಂದೂಕು, 1,000 ತೋಟಾಗಳವರೆಗೆ ಪ್ರತ್ಯೇಕ ರಫ್ತು ಲೈಸೆನ್ಸ್ ಇಲ್ಲದೆ ಸಾಮಾನಿನ ಜೊತೆ ಒಯ್ಯಬಹುದು. ನನ್ನಂಥವನಿಗೆ ಅದು ಧಾರಾಳ.

ಕೆನಡಾದ ಕಡೆ ನೋಡಬೇಕಾದದ್ದು ಬಂದೂಕಿನ ವರ್ಗ. ಅಲ್ಲಿ ಮೂರು ವರ್ಗ: ನಿರ್ಬಂಧವಿಲ್ಲದ್ದು, ನಿರ್ಬಂಧಿತ, ನಿಷೇಧಿತ. ಬೇಟೆಗೆ ಬಳಸುವ ಸಾಮಾನ್ಯ ಶಾಟ್‌ಗನ್, ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ ಬೋಲ್ಟ್ ಆಕ್ಷನ್ ರೈಫಲ್ ಹೆಚ್ಚಾಗಿ ಮೊದಲನೆಯದರಲ್ಲಿ ಬರುತ್ತವೆ. ಆದರೆ ಅಮೆರಿಕದ ಅಂಗಡಿಯಲ್ಲಿ ಸಲೀಸಾಗಿ ಸಿಗುವ ಎಆರ್-15 ಥರದ ರೈಫಲ್ 2020ರ ಮೇ 1ರಿಂದ ಅಲ್ಲಿ ನಿಷಿದ್ಧ. ಆಮೇಲೆ 2024ರ ಡಿಸೆಂಬರ್‌ನಲ್ಲಿ, 2025ರ ಮಾರ್ಚ್‌ನಲ್ಲಿ ನಿಷೇಧದ ಪಟ್ಟಿಗೆ ಇನ್ನಷ್ಟು ಮಾಡೆಲ್‌ಗಳು ಸೇರಿದವು. ಹೋದ ವರ್ಷ ದಾಟಿದ ಬಂದೂಕು ಈ ವರ್ಷವೂ ದಾಟುತ್ತದೆ ಎಂಬ ಭರವಸೆ ಬೇಡ. ಹೊರಡುವ ವಾರ ನಾನು ಪಟ್ಟಿಯನ್ನು ಮತ್ತೊಮ್ಮೆ ತೆಗೆದು ನೋಡುತ್ತೇನೆ. ಸೆಮಿ-ಆಟೋಮ್ಯಾಟಿಕ್ (ಒಂದು ಗುಂಡು ಹಾರಿದ ಮೇಲೆ ಮುಂದಿನದು ತಾನೇ ಲೋಡ್ ಆಗುವ) ಸೆಂಟರ್‌ಫೈರ್ (ತೋಟಾದ ತಳದ ನಡುವೆ ಬಡಿದು ಸಿಡಿಸುವ) ರೈಫಲ್ ಒಯ್ಯುವವರು ಗುಂಡು ತುಂಬುವ ಮ್ಯಾಗಜೀನನ್ನೂ ನೋಡಿಕೊಳ್ಳಬೇಕು, 5ಕ್ಕಿಂತ ಹೆಚ್ಚು ಗುಂಡು ಹಿಡಿಯುವಂತಿಲ್ಲ.

ಪಿಸ್ತೂಲಿನ ಆಸೆ ಬಿಟ್ಟುಬಿಡಿ. 2022ರ ಆಗಸ್ಟ್‌ನಲ್ಲಿ ಆಮದು ನಿಂತಿತು, ಅಕ್ಟೋಬರ್‌ನಲ್ಲಿ ಮಾರಾಟವೂ ನಿಂತಿತು. ಅಮೆರಿಕದಲ್ಲಿ ಎಷ್ಟೋ ಜನ ಪಿಸ್ತೂಲನ್ನು ಗ್ಲೋವ್ ಬಾಕ್ಸಿನಲ್ಲೋ ಸೀಟಿನ ಕೆಳಗೋ ಇಟ್ಟು ಮರೆತುಬಿಡುತ್ತಾರೆ. ಅಂಥ ಕಾರು ಗಡಿಗೆ ಬಂದರೆ ಪಿಸ್ತೂಲು ಜಪ್ತಿಯಾಗುತ್ತದೆ, ಕೇಸೂ ಬೀಳಬಹುದು. ಅದಕ್ಕೇ ನಾನು ಹೊರಡುವ ಹಿಂದಿನ ದಿನ ಕಾರನ್ನು ಪೂರ್ತಿ ಖಾಲಿ ಮಾಡಿ, ಬಾಗಿಲ ಜೇಬು, ಹಳೆಯ ಜಾಕೆಟ್, ಬೇಟೆ ಚೀಲದ ತಳ ಎಲ್ಲ ತಡಕಾಡುತ್ತೇನೆ. ಜೊತೆಗೆ ಬರುವವರಿಗೂ ಅದನ್ನೇ ಹೇಳುತ್ತೇನೆ, ಬೇಜಾರು ಮಾಡಿಕೊಂಡರೂ ಸರಿ. ಮನುಷ್ಯರ ಮೇಲೆ ಹೊಡೆಯುವ ಪೆಪ್ಪರ್ ಸ್ಪ್ರೇ ಕೂಡ ಅಲ್ಲಿ ನಿಷೇಧಿತ ಆಯುಧ. ಕರಡಿಗೆಂದು ಲೇಬಲ್ ಇರುವ ಸ್ಪ್ರೇ ಮಾತ್ರ ನಡೆಯುತ್ತದೆ. ಇನ್ನು, ಗುಂಪಿನಲ್ಲಿ ಯಾರಾದರೂ ಕುಡಿದು ಗಾಡಿ ಓಡಿಸಿ ಶಿಕ್ಷೆಯಾಗಿದ್ದರೆ ಅವರನ್ನೇ ಒಳಗೆ ಬಿಡದಿರಬಹುದು. 2018ರ ಡಿಸೆಂಬರ್‌ನಿಂದ ಕೆನಡಾ ಅದನ್ನು ಗಂಭೀರ ಅಪರಾಧವೆಂದು ಎಣಿಸುತ್ತದೆ. ಇದನ್ನು ಮೊದಲೇ ಕೇಳಿ ತಿಳಿಯುವುದು ಮುಜುಗರದ ಕೆಲಸ, ಆದರೂ ಕೇಳಲೇಬೇಕು.

ಗಡಿಯಲ್ಲಿ ಕೊಡಬೇಕಾದದ್ದು ಕೆನಡಾದ ರಾಷ್ಟ್ರೀಯ ಪೊಲೀಸ್ ಪಡೆಯಾದ ಆರ್‌ಸಿಎಂಪಿಯ 5589 ಎಂಬ ಘೋಷಣೆ ಫಾರಂ. ಮನೆಯಲ್ಲೇ ತುಂಬಿಸಿ ಪ್ರಿಂಟ್ ತೆಗೆಯುತ್ತೇನೆ, ಸಹಿ ಮಾತ್ರ ಮಾಡುವುದಿಲ್ಲ. ಸಹಿ ಅಧಿಕಾರಿಯ ಎದುರಿಗೇ ಆಗಬೇಕು. 3ಕ್ಕಿಂತ ಹೆಚ್ಚು ಬಂದೂಕಿದ್ದರೆ ಹೆಚ್ಚುವರಿ ಹಾಳೆ ಸೇರಿಸಬೇಕು. ನಾನು ಕೊಟ್ಟ ಶುಲ್ಕ 25 ಕೆನಡಾ ಡಾಲರ್, ಬಂದೂಕು ಒಂದೇ ಇರಲಿ ಮೂರೇ ಇರಲಿ ಅಷ್ಟೇ. ಅಧಿಕಾರಿ ದೃಢೀಕರಿಸಿದ ಮೇಲೆ ಆ ಕಾಗದವೇ 60 ದಿನಗಳ ತಾತ್ಕಾಲಿಕ ಲೈಸೆನ್ಸ್.

ಪೋರ್ಟಲ್ ಎಂಬ ಊರಿನ ಬಳಿ ದಾಟುತ್ತೇನೆ, ಆಚೆ ಬದಿಯಲ್ಲಿ ನಾರ್ತ್ ಪೋರ್ಟಲ್. ಬೂತಿನ ಕಿಟಕಿ ತೆರೆದ ಕೂಡಲೇ ನಾನು ಹೇಳುವುದು ಇಷ್ಟು: "ಬಾತುಬೇಟೆಗೆ ಬಂದಿದ್ದೇನೆ, ಒಂದು ಶಾಟ್‌ಗನ್ ಇದೆ, ಲೋಡ್ ಮಾಡಿಲ್ಲ, ಡಿಕ್ಕಿಯಲ್ಲಿ ಬೀಗ ಹಾಕಿದ ಕೇಸಿನಲ್ಲಿದೆ. ತೋಟಾ ಇಷ್ಟಿವೆ." ಅವರು ಕೇಳುವ ತನಕ ಕಾಯುವುದಿಲ್ಲ, ಅವರು ಹೇಳುವ ತನಕ ಕೇಸು ಮುಟ್ಟುವುದೂ ಇಲ್ಲ. ಬೇಟೆಗಾರನಿಗೆ 200 ತೋಟಾಗಳಿಗೆ ಸುಂಕವಿಲ್ಲ, ಅಂದರೆ 25ರ ಎಂಟು ಪೆಟ್ಟಿಗೆ. ಲೆಕ್ಕ ಸುಲಭವಾಗಲಿ ಅಂತ ಬಿಡಿ ತೋಟಾಗಳನ್ನು ತರುವುದೇ ಇಲ್ಲ. ಬಾತುಗಳಿಗೆ ಸೀಸದ ಚರೆ ಎರಡೂ ದೇಶಗಳಲ್ಲಿ ನಿಷಿದ್ಧ, ಹಾಗಾಗಿ ಎಲ್ಲ ಸ್ಟೀಲ್ ಚರೆಯವು. ಯಾವ ಊರು, ಎಷ್ಟು ದಿನ, ಉಳಿಯುವುದೆಲ್ಲಿ ಎಂದು ಕೇಳುತ್ತಾರೆ. ಬೇಟೆ ಪರ್ಮಿಟ್ಟು, ತಂಗುವ ಜಾಗದ ಬುಕಿಂಗ್ ಎರಡೂ ಮೇಲೆಯೇ ಇದ್ದರೆ ಮಾತು ಬೇಗ ಮುಗಿಯುತ್ತದೆ. ಬಂದೂಕಿಗಿಂತ, ಅದನ್ನು ಯಾಕೆ ತಂದೆ ಎಂಬುದರ ಮೇಲೇ ಅವರ ಗಮನ ಹೆಚ್ಚು ಅನ್ನಿಸುತ್ತದೆ. ಸುಮ್ಮನೆ ಆತ್ಮರಕ್ಷಣೆಗೆ ಅಂದರೆ ಅಲ್ಲಿಂದಲೇ ವಾಪಸ್.

ಒಳಗೆ ಹೋದ ಮೇಲೆ ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದರೂ ಬಂದೂಕು ಡಿಕ್ಕಿಯಲ್ಲಿ, ಡಿಕ್ಕಿಗೆ ಬೀಗ. ಡಿಕ್ಕಿ ಇರುವ ಗಾಡಿಯನ್ನೇ ಒಯ್ಯುವುದು ನನಗೆ ಇದಕ್ಕೇ ಇಷ್ಟ.

ಹಿಂದಿರುಗುವಾಗ ಅಮೆರಿಕದ ಅಧಿಕಾರಿಗೆ 4457 ತೋರಿಸಿದರೆ ಬಂದೂಕಿನ ವಿಷಯ ಮುಗಿಯಿತು. ಬಾತುಗಳನ್ನು ಶುಚಿಮಾಡಿ ತರುವವರು ಪ್ರತಿಯೊಂದಕ್ಕೂ ಪುಕ್ಕ ಸಮೇತ ಒಂದು ರೆಕ್ಕೆ ಉಳಿಸಿಕೊಂಡಿರಬೇಕು, ಜಾತಿ ಗುರುತಿಸಲು. ಸೀಲು ಬಿದ್ದ 4457 ಮಾತ್ರ ಎಸೆಯಬೇಡಿ. ಬಂದೂಕು ಅದೇ ಇದ್ದು ಅಕ್ಷರ ಓದಲು ಬರುವಷ್ಟು ಕಾಲ ಅದನ್ನೇ ಬಳಸಬಹುದು. ನನ್ನದು ಪ್ಲಾಸ್ಟಿಕ್ ಕವರಿನಲ್ಲಿ ಬಂದೂಕಿನ ಕೇಸಿನ ಒಳಗೇ ಇರುತ್ತದೆ, ಒಂದು ಫೋಟೊ ಮೊಬೈಲಿನಲ್ಲಿ.