ಮಾಕ್ ಡ್ರಿಲ್: ಮೊದಲು ಎಣಿಕೆ, ಆಮೇಲೆ ಫೋಟೊ

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದೆ. ನಿವೃತ್ತಿಯಾದ ಮೇಲೆ ನಮ್ಮ ತಾಲ್ಲೂಕಿನ ಯಾವ ಶಾಲೆ ಕರೆದರೂ ಹೋಗಿ, ಬೆಂಕಿಯಂಥ ಅಪಾಯ ಬಂದರೆ ಏನು ಮಾಡಬೇಕು ಅಂತ ಅಭ್ಯಾಸ ಮಾಡಿಸುವ ಮಾಕ್ ಡ್ರಿಲ್‌ಗೆ ಜೊತೆ ನಿಲ್ಲುತ್ತೇನೆ. ಹೆಚ್ಚಿನ ಕಡೆ ಒಂದೇ ರೀತಿ ನಡೆಯುತ್ತದೆ. ಬೆಲ್ ಹೊಡೆಯುತ್ತಾರೆ. ಮಕ್ಕಳು ಸಾಲಾಗಿ ಮೈದಾನಕ್ಕೆ ಬರುತ್ತಾರೆ. ಯಾರೋ ಗಡಿಯಾರ ನೋಡಿ ‘ನಾಲ್ಕೇ ನಿಮಿಷ ಸಾರ್’ ಅನ್ನುತ್ತಾರೆ. ಫೋಟೊ ತೆಗೆದು ಗ್ರೂಪಿಗೆ ಹಾಕುತ್ತಾರೆ. ಎಲ್ಲರೂ ಕ್ಲಾಸಿಗೆ ವಾಪಸ್. ಒಳಗೆ ಯಾರಾದರೂ ಉಳಿದಿದ್ದಾರಾ ಅಂತ ಎಣಿಸಿದವರು ಒಬ್ಬರೂ ಇರುವುದಿಲ್ಲ.

ಒಮ್ಮೆ ಹೀಗೇ ಫೋಟೊ ಆದ ಮೇಲೆ ನಾನು ಕಟ್ಟಡದೊಳಗೆ ಒಂದು ಸುತ್ತು ಹಾಕಿದೆ. ಮೇಲಿನ ಮಹಡಿಯಲ್ಲಿ, ಹುಡುಗಿಯರ ಶೌಚಾಲಯದ ಕಡೆಯಿಂದ ಅಳು ಕೇಳಿಸಿತು. ಆಯಾರನ್ನು ಕೂಗಿ ಕರೆದೆ. ನಾಲ್ಕನೇ ಕ್ಲಾಸಿನ ಹುಡುಗಿ ಒಳಗಿಂದ ಚಿಲಕ ಹಾಕಿಕೊಂಡು ನಿಂತಿದ್ದಳು. ಬೆಲ್ ಕೇಳಿ ಹೆದರಿದ್ದಳು, ಹೊರಗೆ ಬರಲು ಧೈರ್ಯ ಸಾಲಲಿಲ್ಲ. ಅವಳ ಮಿಸ್ ‘ನಮ್ಮ ಕ್ಲಾಸಿನವರೆಲ್ಲ ಇದ್ದಾರೆ’ ಅಂತ ಹೇಳಿ ಹತ್ತು ನಿಮಿಷ ಆಗಿತ್ತು. ಅವತ್ತು ಬೆಂಕಿ ಇರಲಿಲ್ಲ.

ಹಾಗಾಗಿ ಈ ಲೇಖನದಲ್ಲಿ ಹೊರಗೆ ಕರೆತರುವ ಮಾತು ಕಡಿಮೆ, ಎಣಿಸುವ ಮತ್ತು ಮನೆಯವರಿಗೆ ಒಪ್ಪಿಸುವ ಮಾತು ಜಾಸ್ತಿ.

1. ಮಕ್ಕಳಿಲ್ಲದ ದಿನ ಬೀಗಗಳನ್ನು ನೋಡಿ

ಶನಿವಾರ ಶಾಲೆ ಬಿಟ್ಟ ಮೇಲೆ ಹೆಡ್‌ಮಾಸ್ಟರು, ಗಂಟೆ ಹೊಡೆಯುವವರು, ಬಿಸಿಯೂಟದ ಅಡುಗೆಯವರು, ಎಸ್‌ಡಿಎಂಸಿಯಿಂದ (ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿ) ಒಬ್ಬರು ಸೇರಿ. ಪ್ರತಿ ಕೋಣೆಯಿಂದ ಮೈದಾನದವರೆಗೆ ನಡೆದು ನೋಡಿ. ಎರಡನೇ ಮೆಟ್ಟಿಲುಸಾಲಿನ ಕೆಳಗೆ ಮುರಿದ ಬೆಂಚುಗಳು ಪೇರಿಸಿರುತ್ತವೆ. ಹಿಂದಿನ ಗ್ರಿಲ್ ಗೇಟಿಗೆ ಬೀಗ ಇರುತ್ತದೆ, ಕೀಲಿ ಯಾರದೋ ಜೇಬಿನಲ್ಲಿ ಇರುತ್ತದೆ, ಆ ‘ಯಾರೋ’ ಅವತ್ತು ರಜೆಯಲ್ಲಿ ಇರುತ್ತಾರೆ. ಶಾಲೆ ನಡೆಯುವ ಹೊತ್ತಿನಲ್ಲಿ ಕಟ್ಟಡದಿಂದ ಹೊರಬೀಳುವ ಯಾವ ಬಾಗಿಲಿಗೂ ಬೀಗ ಬೇಡ. ಒಳಗಿನಿಂದ ತೆಗೆಯುವ ಚಿಲಕ ಸಾಕು. ಕಳ್ಳರ ಭಯವಿದ್ದರೆ ಅಲ್ಲೊಬ್ಬರನ್ನು ಕೂರಿಸಿ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಗರಿ ಹೊದಿಸಿದ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಅದಕ್ಕೂ ಮೊದಲು, 1995ರ ಡಿಸೆಂಬರ್ 23ರಂದು, ಹರಿಯಾಣದ ದಬ್ವಾಲಿಯಲ್ಲಿ ಶಾಲೆಯೊಂದರ ವಾರ್ಷಿಕೋತ್ಸವದ ಶಾಮಿಯಾನಕ್ಕೆ ಬೆಂಕಿ ಬಿದ್ದು 400ಕ್ಕೂ ಹೆಚ್ಚು ಜನ ಹೋದರು. ಹೆಚ್ಚಿನವರು ಮಕ್ಕಳೇ. ಸ್ಕೂಲ್ ಡೇಗೆ ನಾವೂ ಪಾಲಿಯೆಸ್ಟರ್ ಬಟ್ಟೆಯ ಶಾಮಿಯಾನ ಹಾಕಿಸಿ, ಮೂರು ಕಡೆ ಪರದೆ ಕಟ್ಟಿಸಿ, ಅದರೊಳಗೆ ಫೋಕಸ್ ಲೈಟ್ ಇಡುತ್ತೇವಲ್ವಾ? ಕನಿಷ್ಠ ಎರಡು ಕಡೆ ಪರದೆ ಕಟ್ಟಬೇಡಿ ಅಂತ ಶಾಮಿಯಾನದವರಿಗೆ ಮೊದಲೇ ಹೇಳಿ.

2. ಎರಡು ಬಗೆಯ ಗಂಟೆ

ಎಲ್ಲ ಅಪಾಯಕ್ಕೂ ಹೊರಗೆ ಓಡುವುದು ಉತ್ತರ ಅಲ್ಲ. ನೀರಿನ ಟ್ಯಾಂಕಿನ ಹೆಜ್ಜೇನು ಎದ್ದರೆ ಮಕ್ಕಳು ಒಳಗೆ ಹೋಗಿ ಕಿಟಕಿ ಮುಚ್ಚಬೇಕು. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ನುಗ್ಗಿತ್ತು. ಪುಣ್ಯಕ್ಕೆ ಅವತ್ತು ಭಾನುವಾರ. ಅಂಥ ಹೊತ್ತಿನಲ್ಲೂ ಒಳಗಿರುವುದೇ ಸರಿ. ಬಿಡದೆ ಹೊಡೆಯುವ ಗಂಟೆ ಅಂದರೆ ‘ಹೊರಗೆ’. ಮೂರು ಪೆಟ್ಟು, ನಿಲ್ಲಿಸಿ ಮತ್ತೆ ಮೂರು ಪೆಟ್ಟು ಅಂದರೆ ‘ಒಳಗೆ, ಬಾಗಿಲು ಹಾಕಿ’. ಇವೆರಡೇ ಸಾಕು. ಐದಾರು ಬಗೆ ಮಾಡಿದರೆ ಟೀಚರುಗಳಿಗೇ ನೆನಪಿರುವುದಿಲ್ಲ. ಭೂಮಿ ನಡುಗಿದರೆ ಗಂಟೆಗೆ ಕಾಯುವುದು ಬೇಡ, ಡೆಸ್ಕಿನ ಕೆಳಗೆ ಕೂತು ತಲೆ ಮುಚ್ಚಿಕೊಳ್ಳಲಿ, ನಡುಕ ನಿಂತ ಮೇಲೆ ಹೊರಗೆ ಬರಲಿ.

ಕರೆಂಟ್ ಬೆಲ್ ನಂಬಬೇಡಿ. ಬೆಂಕಿ ಬಿದ್ದಾಗ ಮೊದಲು ಮಾಡುವ ಕೆಲಸವೇ ಮೇನ್ ಸ್ವಿಚ್ ಆಫ್ ಮಾಡುವುದು. ಹಳೆಯ ಸರ್ಕಾರಿ ಶಾಲೆಗಳಲ್ಲಿ ರೈಲು ಕಂಬಿಯ ತುಂಡೊಂದು ನೇತಾಡುತ್ತಿರುತ್ತದೆ. ಅದಕ್ಕಿಂತ ಒಳ್ಳೆಯ ಅಲಾರಂ ನಾನು ನೋಡಿಲ್ಲ. ಇದ್ದರೆ ತೆಗೆಯಬೇಡಿ.

3. ಹೊರಗೆ ಬರುವುದು

ನಡೆಯುವುದು, ಓಡಬಾರದು. ಬ್ಯಾಗ್ ಬಿಟ್ಟು ಬರಬೇಕು. ಹೊಗೆ ಇದ್ದರೆ ಬಗ್ಗಿ, ನೆಲಕ್ಕೆ ಹತ್ತಿರವಾಗಿ ಬರಬೇಕು. ನಡೆಯಲು ಕಷ್ಟವಿರುವ ಮಗುವಿಗೆ ಇಬ್ಬರು ದೊಡ್ಡವರನ್ನು ಹೆಸರಿಟ್ಟು ಗೊತ್ತುಮಾಡಿ, ಆ ಮಗುವಿನ ಕ್ಲಾಸು ನೆಲ ಅಂತಸ್ತಿನಲ್ಲೇ ಇರಲಿ. ಇಷ್ಟು ಎಲ್ಲ ಶಾಲೆಗಳೂ ಚೆನ್ನಾಗಿಯೇ ಮಾಡುತ್ತವೆ.

ಬೆಂಕಿ ಆರಿಸುವ ಸಿಲಿಂಡರ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಕಾರಿನಲ್ಲಿಡುವ ಪುಟ್ಟ ಸ್ಪ್ರೇ ಡಬ್ಬಿಗಳನ್ನು ‘ಶಾಲೆಗೆ ಸಾಕು’ ಅಂತ ಮಾರಲು ಬರುತ್ತಾರೆ. ತೆಗೆದುಕೊಳ್ಳಬೇಡಿ. ಐಎಸ್‌ಐ ಗುರುತಿರುವ ಆರು ಕೆಜಿಯ ಎಬಿಸಿ ಪುಡಿಯ (ಕಾಗದ-ಕಟ್ಟಿಗೆ, ಎಣ್ಣೆ, ಗ್ಯಾಸ್, ಈ ಮೂರೂ ಬಗೆಯ ಬೆಂಕಿಗೆ ಆಗುವ) ಸಿಲಿಂಡರ್ ಕೊಳ್ಳಿ. ಅದೂ ಅರ್ಧ ನಿಮಿಷದೊಳಗೆ ಖಾಲಿಯಾಗುತ್ತದೆ, ಕಸದ ಬುಟ್ಟಿಯಷ್ಟು ಬೆಂಕಿಗೆ ಮಾತ್ರ ಸಾಲುತ್ತದೆ. ಅದರ ಮೀಟರಿನ ಮುಳ್ಳು ಹಸಿರಿನಲ್ಲಿದೆಯಾ ಅಂತ ತಿಂಗಳಿಗೊಮ್ಮೆ ನೋಡಿ. ಕೆಲವರು ರೀಫಿಲ್ ಮಾಡಿದೆವು ಅಂತ ಹೊಸ ಚೀಟಿ ಮಾತ್ರ ಅಂಟಿಸಿ ದುಡ್ಡು ತಗೊಂಡು ಹೋಗುತ್ತಾರೆ. ನಿಮ್ಮ ಕಣ್ಣೆದುರೇ ತುಂಬಿಸಿ. ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಆಫ್ ಮಾಡುವುದಕ್ಕೂ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೇ ಹರಡಿಕೊಂಡಿರುತ್ತದೆ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಬೆಂಕಿಗೆ 101 ಅಥವಾ 112. ಆಂಬುಲೆನ್ಸಿಗೆ 108.

4. ಎಣಿಸುವುದು

ಎಲ್ಲರೂ ತಪ್ಪುವುದು ಇಲ್ಲೇ. ತಪ್ಪು ಶುರುವಾಗುವುದು ಬೆಳಗಿನ ಹಾಜರಿಯಿಂದ. ಹಾಜರಿ ಪುಸ್ತಕದಲ್ಲಿ 39 ಅಂತ ಇರುತ್ತದೆ. ಆಮೇಲೆ ಇಬ್ಬರು ತಡವಾಗಿ ಬರುತ್ತಾರೆ. ಜ್ವರ ಅಂತ ಒಬ್ಬನನ್ನು ಅವನ ಅಜ್ಜ ಕರೆದುಕೊಂಡು ಹೋಗುತ್ತಾರೆ. ಒಬ್ಬಳನ್ನು ಸೀಮೆಸುಣ್ಣ ತರಲು ಆಫೀಸಿಗೆ ಕಳಿಸಿರುತ್ತಾರೆ, ನಾಲ್ವರು ಕೊಕ್ಕೊ ಪ್ರಾಕ್ಟೀಸಿಗೆ ಹೋಗಿರುತ್ತಾರೆ. ಮಧ್ಯಾಹ್ನ ಗಂಟೆ ಹೊಡೆದಾಗ 39 ಅನ್ನುವ ಸಂಖ್ಯೆಗೆ ಅರ್ಥವೇ ಇರುವುದಿಲ್ಲ.

ನಮ್ಮಲ್ಲಿ ಬೋರ್ಡಿನ ಮೂಲೆಯಲ್ಲಿ ‘ಒಟ್ಟು, ಹಾಜರು, ಗೈರು’ ಬರೆಯುವ ಒಳ್ಳೆಯ ಪದ್ಧತಿ ಇದೆ. ಆದರೆ ಬೋರ್ಡ್ ಒಳಗೇ ಉಳಿಯುತ್ತದೆ. ಆದ್ದರಿಂದ ಬಾಗಿಲ ಪಕ್ಕ ಮೊಳೆಗೆ ಒಂದು ರಟ್ಟು ನೇತುಹಾಕಿ. ಅದಕ್ಕೆ ದಾರದಲ್ಲಿ ಪೆನ್ಸಿಲ್ ಕಟ್ಟಿ. ಮೇಲೆ ಇವತ್ತಿನ ಹಾಜರಿ ಬರೆಯಿರಿ. ಕೆಳಗೆ, ಕ್ಲಾಸು ಬಿಟ್ಟು ಹೋಗುವ ಪ್ರತಿ ಮಗು ತನ್ನ ಹೆಸರು, ಹೋಗುವ ಜಾಗ ಬರೆದು ಹೋಗಬೇಕು. ವಾಪಸ್ ಬಂದ ಮೇಲೆ ಹೊಡೆದುಹಾಕಬೇಕು. ಒಂದು, ಎರಡನೇ ಕ್ಲಾಸಿಗೆ ಟೀಚರೇ ಬರೆಯಲಿ. ಗಂಟೆಯಾದಾಗ ಟೀಚರ್ ಕೈಯಲ್ಲಿ ಈ ರಟ್ಟು ಮಾತ್ರ ಇರಬೇಕು. ಮೊಬೈಲಿನಲ್ಲಿ ಹಾಜರಿ ಇದೆಯಲ್ಲ ಅನ್ನುತ್ತಾರೆ. ಗಾಬರಿಯಲ್ಲಿ ಮೊಬೈಲ್ ಮೇಜಿನ ಮೇಲೇ ಉಳಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮೈದಾನದಲ್ಲಿ ಹೆಸರು ಕೂಗಬೇಡಿ. ಗಲಾಟೆಯಲ್ಲಿ ಕೇಳಿಸುವುದಿಲ್ಲ. ಜೊತೆಗೆ ಒಬ್ಬನ ಹೆಸರಿಗೆ ಇನ್ನೊಬ್ಬ ‘ಎಸ್ ಮಿಸ್’ ಅಂದುಬಿಡುತ್ತಾನೆ. ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಒಂದೊಂದು ತಲೆ ಮುಟ್ಟಿ ಎಣಿಸಿ, ಮುಟ್ಟಿದ ಮಗು ಕೂರಲಿ. ಎಲ್ಲರೂ ಕೂತ ಮೇಲೆ ಸಂಖ್ಯೆಯನ್ನು ರಟ್ಟಿನ ಜೊತೆ ಹೋಲಿಸಿ.

ಇನ್ನೊಂದು ಉಪಾಯ ನನಗೆ ತುಂಬಾ ಇಷ್ಟ. ಜೂನಿನಲ್ಲೇ ಮಕ್ಕಳನ್ನು ಇಬ್ಬಿಬ್ಬರಾಗಿ ಜೋಡಿ ಮಾಡಿಬಿಡಿ. ಸಾಲಿನಲ್ಲಿ ಪ್ರತಿಯೊಬ್ಬರೂ ತಮ್ಮ ಜೋಡಿಯ ಕೈ ಹಿಡಿಯಬೇಕು. ಜೋಡಿ ಸಿಗದವರು ಕೈ ಎತ್ತಬೇಕು. ‘ಮಿಸ್, ಅವಳು ಬಾತ್‌ರೂಮಿಗೆ ಹೋಗಿದ್ಳು’ ಅಂತ ಹೇಳುವುದು ಪುಸ್ತಕ ಅಲ್ಲ, ಪಕ್ಕದಲ್ಲಿ ಕೂತ ಹುಡುಗಿ. ಅವತ್ತು ಶೌಚಾಲಯದಲ್ಲಿ ಸಿಕ್ಕ ಹುಡುಗಿಯ ಗೆಳತಿಗೆ ಅದು ಗೊತ್ತಿತ್ತು. ಯಾರೂ ಕೇಳಲಿಲ್ಲ, ಅವಳು ಹೇಳಲಿಲ್ಲ.

ಎಣಿಕೆ ಸರಿ ಬಂದರೆ ಟೀಚರ್ ಹಸಿರು ಕಾರ್ಡ್ ಎತ್ತಲಿ, ಕಡಿಮೆ ಬಂದರೆ ಕೆಂಪು. ಹೆಡ್‌ಮಾಸ್ಟರು ಕೆಂಪು ಕಾರ್ಡ್ ಇರುವ ಕಡೆಗೆ ಹೋಗಿ ಎರಡೇ ಪ್ರಶ್ನೆ ಕೇಳಬೇಕು: ಯಾರಿಲ್ಲ? ಕೊನೆಗೆ ನೋಡಿದ್ದು ಎಲ್ಲಿ? ಫೈರ್ ಎಂಜಿನ್ ಬಂದ ಕೂಡಲೇ ಅವರಿಗೆ ಬೇಕಾಗುವುದು ಈ ಎರಡು ಉತ್ತರ. ಟೀಚರ್ ತಾವೇ ಒಳಗೆ ಓಡಬಾರದು. ಇದನ್ನು ಹೇಳುವುದು ಸುಲಭ, ಪಾಲಿಸುವುದು ಕಷ್ಟ, ಮಕ್ಕಳನ್ನು ಪ್ರೀತಿಸುವ ಟೀಚರಿಗಂತೂ ತುಂಬಾ ಕಷ್ಟ. ಆದರೆ ಅವರು ಓಡಿದರೆ ಇಲ್ಲಿ ಕೂತ ಮೂವತ್ತೆಂಟು ಮಕ್ಕಳನ್ನು ನೋಡುವವರು ಇಲ್ಲ.

ಅಡುಗೆಯವರು, ಆಯಾ, ವ್ಯಾನಿನ ಡ್ರೈವರ್, ಟಿ.ಸಿ. ತಗೊಳ್ಳಲು ಬಂದು ಆಫೀಸಿನಲ್ಲಿ ಕೂತಿದ್ದ ಪೋಷಕರು, ಇವರನ್ನೂ ಎಣಿಸಿ. ಇವರ ಹೆಸರು ಯಾವ ಕ್ಲಾಸಿನ ಪಟ್ಟಿಯಲ್ಲೂ ಇರುವುದಿಲ್ಲ.

5. ಮನೆಯವರಿಗೆ ಒಪ್ಪಿಸುವುದು

ಡ್ರಿಲ್‌ನಲ್ಲಿ ಯಾರೂ ಅಭ್ಯಾಸ ಮಾಡದ ಹಂತ ಇದು. 2023ರ ಡಿಸೆಂಬರ್ 1ರಂದು ಬೆಂಗಳೂರು ಮತ್ತು ಸುತ್ತಮುತ್ತಲಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂತು. ಕೊನೆಗೆ ಅದು ಸುಳ್ಳು ಅಂತ ಗೊತ್ತಾಯಿತು. ಅಷ್ಟರೊಳಗೆ ಕೆಲಸ ಬಿಟ್ಟು ಓಡಿಬಂದ ತಂದೆತಾಯಿಯರು ಶಾಲೆಗಳ ಗೇಟಿನ ಮುಂದೆ ಸೇರಿದ್ದರು. ಅವರನ್ನು ತಪ್ಪು ಅನ್ನಲಾಗದು. ನಾನಾದರೂ ಹಾಗೇ ಓಡಿಬರುತ್ತಿದ್ದೆ. ಆದರೆ ಇಕ್ಕಟ್ಟಾದ ರಸ್ತೆಯಲ್ಲಿ ನೂರು ಸ್ಕೂಟರ್ ನಿಂತರೆ ಫೈರ್ ಎಂಜಿನ್ ಒಳಗೆ ಬರಲು ದಾರಿ ಇರುವುದಿಲ್ಲ.

ಮೊದಲು ಮೆಸೇಜ್. ಇದನ್ನು ಇವತ್ತೇ ಬರೆದಿಟ್ಟುಕೊಳ್ಳಿ, ಗಾಬರಿಯಲ್ಲಿ ಸರಿಯಾಗಿ ಬರೆಯಲು ಆಗುವುದಿಲ್ಲ: ‘ಶಾಲೆಯಲ್ಲಿ ಇಂಥ ತೊಂದರೆಯಾಗಿದೆ. ಮಕ್ಕಳನ್ನು ಇಂಥ ಜಾಗಕ್ಕೆ ಕರೆತಂದಿದ್ದೇವೆ. ಎಣಿಕೆ ನಡೆಯುತ್ತಿದೆ. ಇಷ್ಟು ಗಂಟೆಗೆ ಇಂಥ ಗೇಟಿಗೆ ಬನ್ನಿ, ಗಾಡಿಯನ್ನು ಮುಖ್ಯ ರಸ್ತೆಯಲ್ಲೇ ನಿಲ್ಲಿಸಿ. ಶಾಲೆಗೆ ಫೋನ್ ಮಾಡಬೇಡಿ, ಹದಿನೈದು ನಿಮಿಷಕ್ಕೊಮ್ಮೆ ನಾವೇ ತಿಳಿಸುತ್ತೇವೆ.’ ಕಳಿಸುವವರು ಒಬ್ಬರೇ ಇರಲಿ. ಗ್ರೂಪಿನಲ್ಲಿ ಬೇರೆ ಯಾರೂ ಬರೆಯಲಾಗದಂತೆ ಮಾಡಿ. ‘ಎಲ್ಲರೂ ಸುರಕ್ಷಿತ’ ಅಂತ ಎಣಿಕೆ ಮುಗಿಯುವ ಮೊದಲು ಬರೆಯಲೇಬೇಡಿ.

ಆಮೇಲೆ ಗೇಟು. ಪೋಷಕರು ಮೈದಾನಕ್ಕೆ ನುಗ್ಗಿ ತಮ್ಮ ಮಗುವಿನ ಕೈ ಹಿಡಿದು ಹೊರಟರೆ ನಿಮ್ಮ ಎಣಿಕೆ ಅಲ್ಲಿಗೆ ಮುಗಿಯಿತು. ಯಾರು ಹೋದರು, ಯಾರು ಒಳಗೆ ಉಳಿದರು ಎಂಬುದು ದೇವರಿಗೇ ಗೊತ್ತು. ಗೇಟಿನ ಹತ್ತಿರ ಕ್ಲಾಸಿಗೊಂದು ಮೇಜು ಹಾಕಿ. ಪೋಷಕರು ಅಲ್ಲಿ ಹೆಸರು ಹೇಳಲಿ. ದೊಡ್ಡ ಮಕ್ಕಳಲ್ಲೊಬ್ಬರು ಹೋಗಿ ಮಗುವನ್ನು ಕರೆತರಲಿ. ಅಣ್ಣ ತಂಗಿ ಒಂದೇ ಶಾಲೆಯಲ್ಲಿದ್ದರೆ ಇಬ್ಬರನ್ನೂ ಒಟ್ಟಿಗೇ ಕಳಿಸಿ, ಇಲ್ಲದಿದ್ದರೆ ಆ ತಾಯಿ ಎರಡು ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಕರೆದುಕೊಂಡು ಹೋದವರ ಹೆಸರು, ಸಂಬಂಧ, ಹೊತ್ತು, ಸಹಿ ತಗೊಳ್ಳಿ. ಸಹಿ ಬಾರದಿದ್ದರೆ ಹೆಬ್ಬೆಟ್ಟು.

ಮಗುವನ್ನು ಯಾರಿಗೆ ಕೊಡಬಹುದು ಎಂಬುದನ್ನು ವರ್ಷದ ಶುರುವಿನಲ್ಲೇ ಬರೆಸಿಕೊಳ್ಳಿ. ಮಗುವಿಗೆ ಮೂರು ಹೆಸರು, ಮೂರು ಫೋನ್ ನಂಬರ್. ಪಟ್ಟಿಯಲ್ಲಿ ಇಲ್ಲದವರಿಗೆ ಕೊಡಬೇಡಿ, ಮಗು ‘ನಮ್ಮ ಮಾಮ’ ಅಂದರೂ ಕೊಡಬೇಡಿ. ನಾನು ನೋಡಿದ ಒಂದು ಕಡೆ, ಪಕ್ಕದ ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಮಗುವನ್ನು ಕರೆದುಕೊಂಡು ಹೋಗಿದ್ದರು. ಐದು ನಿಮಿಷಕ್ಕೆ ತಾಯಿ ಬಂದರು. ಮಗು ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಪಕ್ಕದ ಮನೆಯವರ ಫೋನ್ ಸ್ವಿಚ್ ಆಫ್. ಮುಕ್ಕಾಲು ಗಂಟೆ ಆ ತಾಯಿ ಪಟ್ಟ ಸಂಕಟ ನನ್ನ ಕಣ್ಣ ಮುಂದೆ ಈಗಲೂ ಇದೆ. ತಂದೆತಾಯಿ ಬೇರೆಯಾಗಿರುವ ಮನೆಯ ಮಕ್ಕಳ ವಿಷಯದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು.

ಡ್ರಿಲ್ ದಿನ ಹತ್ತು ಪೋಷಕರನ್ನಾದರೂ ಕರೆಸಿ ಇದನ್ನು ನಿಜವಾಗಿ ಮಾಡಿನೋಡಿ. ಅವರಲ್ಲಿ ಒಬ್ಬರು ಬೇಕಂತಲೇ ಪಟ್ಟಿಯಲ್ಲಿ ಇಲ್ಲದವರಾಗಿರಲಿ. ಮೇಜಿನಲ್ಲಿ ಕೂತ ಟೀಚರ್ ಅವರಿಗೆ ‘ಆಗಲ್ಲ’ ಅನ್ನುತ್ತಾರಾ, ನೋಡಿ.

6. ಎರಡನೇ ಡ್ರಿಲ್ ಊಟದ ಹೊತ್ತಿನಲ್ಲಿ

ಮೊದಲ ಸಲ ಎಲ್ಲರಿಗೂ ಹಿಂದಿನ ದಿನವೇ ಹೇಳಿ, ಚಿಕ್ಕ ಮಕ್ಕಳು ಹೆದರುತ್ತಾರೆ. ಎರಡನೆಯದನ್ನು ಊಟದ ಬಿಡುವಿನಲ್ಲಿ ಇಡಿ. ಆಗ ಮಕ್ಕಳು ಯಾವ ಟೀಚರ್ ಹತ್ತಿರವೂ ಇರುವುದಿಲ್ಲ, ನಲ್ಲಿ, ಮರದ ಬುಡ, ವರಾಂಡ ಅಂತ ಚದುರಿರುತ್ತಾರೆ. ಕ್ಲಾಸಿಗೆ ವಾಪಸ್ ಹೋಗದೆ ನೇರ ತಮ್ಮ ಸಾಲಿನ ಜಾಗಕ್ಕೆ ಬರಬೇಕು ಅಂತ ಮೊದಲೇ ಹೇಳಿಕೊಡಿ. ತಟ್ಟೆಯನ್ನು ಅಲ್ಲೇ ಬಿಟ್ಟು ಬರಬೇಕು ಅಂತಲೂ ಹೇಳಿ. ನಾನು ನೋಡಿದಲ್ಲೆಲ್ಲ ಹತ್ತಿಪ್ಪತ್ತು ಮಕ್ಕಳು ತಟ್ಟೆ ಹಿಡಿದುಕೊಂಡು ತೊಳೆಯಲು ನಲ್ಲಿಯ ಕಡೆಗೆ ಓಡಿದ್ದಾರೆ. ಮನೆಯಿಂದ ತಂದ ತಟ್ಟೆ ಕಳೆದರೆ ಅಮ್ಮ ಬೈಯುತ್ತಾಳೆ ಎಂಬ ಹೆದರಿಕೆ ಅವರಿಗೆ. ಕಳೆದರೆ ಶಾಲೆಯೇ ಇನ್ನೊಂದು ತಟ್ಟೆ ಕೊಡುತ್ತದೆ ಅಂತ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿಬಿಡಿ.