ಪಾಯಿಂಟ್ ಉಜ್ಜಿದ ಕೈಗೆ ಸ್ಕ್ಯಾನರ್

'ಹಳೇ ಕಾರಾದ್ರೆ ಮನೆಯಲ್ಲೇ ರಿಪೇರಿ ಮಾಡಬಹುದಿತ್ತು, ಈಗಿನದೆಲ್ಲ ಕಂಪ್ಯೂಟರು, ಮುಟ್ಟುವ ಹಾಗೇ ಇಲ್ಲ' ಎಂಬ ಮಾತನ್ನು ಬಾನೆಟ್ ಎತ್ತದವರೇ ಹೆಚ್ಚಾಗಿ ಹೇಳುವುದನ್ನು ಕೇಳಿದ್ದೇನೆ. ನಾನು ಕಸುಬಿನ ಮೆಕ್ಯಾನಿಕ್ ಅಲ್ಲ. ಆದರೆ ಪುತ್ತೂರಿನ ನಮ್ಮ ಮನೆಯಂಗಳದಲ್ಲಿ ಎರಡೂ ಕಾಲದ ಗಾಡಿಗಳನ್ನು ಬಿಚ್ಚಿ ಜೋಡಿಸಿದ್ದೇನೆ. ಹೊಸದನ್ನು ಕಲಿಯುವುದು ನನಗೆ ಅಷ್ಟೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಪದ್ಮಿನಿಯ ಕಾಲದಲ್ಲಿ ಕೈಗೆ ಅಂಟಿದ ಕೆಲವು ಅಭ್ಯಾಸ ಬಿಡುವುದು.

ನಮ್ಮದು ಪ್ರೀಮಿಯರ್ ಪದ್ಮಿನಿ, 1089 ಸಿಸಿ, ಸೋಲೆಕ್ಸ್ ಕಾರ್ಬ್ಯುರೇಟರ್. ಬೆಳಗ್ಗೆ ಸ್ಟಾರ್ಟ್ ಆಗಲಿಲ್ಲವೆಂದರೆ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಒಳಗೆ ಕರೆಂಟು ಕಡಿದು ಕಿಡಿ ಹುಟ್ಟಿಸುವ ಪಾಯಿಂಟನ್ನು ಪಾಲಿಶ್ ಪೇಪರಿನಲ್ಲಿ ಉಜ್ಜಿ ಗ್ಯಾಪ್ ಸರಿಮಾಡುವುದು. ಪ್ಲಗ್ಗಿನ ಗ್ಯಾಪಿಗೆ ಹ್ಯಾಕ್ಸಾ ಬ್ಲೇಡಿನ ದಪ್ಪವೇ ಅಳತೆ, ಸುಮಾರು 0.6 ಮಿ.ಮೀ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಕಟ್ಟಿದರೆ ಬಾಯಲ್ಲಿ ಊದಬೇಕು, ತಂತಿ ತೂರಿಸಬಾರದು. ತೂತು ಒಂದೆಳೆ ದೊಡ್ಡದಾದರೂ ಪೆಟ್ರೋಲ್ ಕುಡಿಯತೊಡಗುತ್ತದೆ. ಬೇಸಿಗೆಯಲ್ಲಿ ಶಿರಾಡಿ ಘಾಟ್ ಹತ್ತುವಾಗ ಪಂಪಿನೊಳಗೇ ಪೆಟ್ರೋಲ್ ಆವಿಯಾಗಿ ಎಂಜಿನ್ ಬಂದ್. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಬದಿಯಲ್ಲಿ ಕೂತು, ತಣಿದ ಮೇಲೆ ಹೊರಡುವುದು. ಇಷ್ಟು ಸಲೀಸಾಗಿ ರಿಪೇರಿ ಆಗುತ್ತಿತ್ತು ಅನ್ನುವವರು, ಇಷ್ಟಿಷ್ಟಕ್ಕೆಲ್ಲ ಕೆಡುತ್ತಲೂ ಇತ್ತು ಅನ್ನುವುದನ್ನು ಸೇರಿಸುವುದಿಲ್ಲ.

ಆಗ ಎಂಜಿನ್ನಿನ ಒಳಗುಟ್ಟು ತಿಳಿಯಲು ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಿದ್ದೆವು. ಮಸಿಗಪ್ಪಾದರೆ ಪೆಟ್ರೋಲ್ ಜಾಸ್ತಿ, ಬಿಳಿಚಿದ್ದರೆ ಕಮ್ಮಿ, ತಿಳಿಕಂದು ಇದ್ದರೆ ಸರಿ. ಈಗ ಅದನ್ನೇ ಫ್ಯುಯೆಲ್ ಟ್ರಿಮ್ ಎಂಬ ಅಂಕಿ ಹೇಳುತ್ತದೆ. ಪ್ಲಸ್ ಹದಿನೈದು, ಇಪ್ಪತ್ತು ಶೇಕಡಾ ತೋರಿಸಿದರೆ, ಕಂಪ್ಯೂಟರು ಪೆಟ್ರೋಲ್ ಸೇರಿಸಿ ಸೇರಿಸಿ ಸುಧಾರಿಸುತ್ತಿದೆ ಎಂದರ್ಥ. ಎಲ್ಲೋ ಗಾಳಿ ಒಳನುಗ್ಗುತ್ತಿದೆ, ಇಲ್ಲವೇ ಪಂಪು ಸೋತಿದೆ. 2013ರಿಂದೀಚಿನ ಕಾರುಗಳಲ್ಲಿ ಸ್ಟೀರಿಂಗಿನ ಕೆಳಗೆ ಹದಿನಾರು ಪಿನ್ನಿನ ಸಾಕೆಟ್ ಇರುತ್ತದೆ. ಅದಕ್ಕೆ ಬ್ಲೂಟೂತ್ ಡಾಂಗಲ್ ಚುಚ್ಚಿದರೆ ಇದೆಲ್ಲ ಮೊಬೈಲಿಗೇ ಬರುತ್ತದೆ. ಅಗ್ಗದ ಡಾಂಗಲ್ ಎಂಜಿನ್ನಿನ ವಿಷಯ ಮಾತ್ರ ಓದುತ್ತದೆ, ಏರ್‌ಬ್ಯಾಗ್, ಎಬಿಎಸ್ ಅದರ ಕೈಗೆ ಸಿಗುವುದು ಕಮ್ಮಿ.

ಕಂಪ್ಯೂಟರು ಯಾವುದೋ ಪಾರ್ಟಿನ ಹೆಸರಲ್ಲಿ ದೋಷದ ಕೋಡ್ ಕೊಟ್ಟಿತೆಂದರೆ ಆ ಪಾರ್ಟು ಹೋಯಿತು ಎಂದು ಓದುವುದು ಎಲ್ಲೆಡೆ ನಡೆಯುವ ತಪ್ಪು. ನನ್ನ ಪೆಟ್ರೋಲ್ ಹ್ಯಾಚ್‌ಬ್ಯಾಕಿಗೆ ಪಿ0113 ಬಂದಿತ್ತು. ಒಳಗೆ ಹೋಗುವ ಗಾಳಿಯ ಉಷ್ಣಾಂಶ ಅಳೆಯುವ ಸೆನ್ಸರಿನ ಸರ್ಕಿಟ್ಟಿನಲ್ಲಿ ವೋಲ್ಟೇಜ್ ಜಾಸ್ತಿ ಎಂದು ಅದರ ಅರ್ಥ. ಒಂದು ವರ್ಕ್‌ಶಾಪಿನಲ್ಲಿ 'ಪೂರ್ತಿ ವೈರಿಂಗ್ ಸೆಟ್ಟೇ ಚೇಂಜ್ ಮಾಡ್ಬೇಕಾಗ್ತದೆ ಸಾರ್' ಅಂದರು. ಮನೆಗೆ ತಂದು ಮೊಬೈಲಿನಲ್ಲಿ ನೋಡಿದರೆ, ಏಪ್ರಿಲ್ ತಿಂಗಳ ಪುತ್ತೂರಿನಲ್ಲಿ ಗಾಳಿಯ ಉಷ್ಣಾಂಶ ಮೈನಸ್ 40 ಡಿಗ್ರಿ! ಈ ಅಂಕಿ ಕಂಡರೆ ಗಾಬರಿ ಬೇಡ, ವೈರು ಎಲ್ಲೋ ತುಂಡಾಗಿದ್ದರೆ ಕಂಪ್ಯೂಟರ್ ತೋರಿಸುವುದೇ ಇದನ್ನು. ಸೆನ್ಸರಿನ ಕಪ್ಲರ್ ಕಿತ್ತು, ಅದರ ಎರಡು ಪಿನ್ನುಗಳನ್ನು ಒಂದು ವೈರಿನಿಂದ ಸೇರಿಸಿ ನೋಡಿದೆ. ವೈರಿಂಗ್ ಸರಿಯಿದ್ದಿದ್ದರೆ ಅಂಕಿ ಒಮ್ಮೆಲೇ ನೂರು ದಾಟಿ ಜಿಗಿಯಬೇಕಿತ್ತು. ಜಿಗಿಯಲಿಲ್ಲ, ಮೈನಸ್ 40ರಲ್ಲೇ ಕೂತಿತು. ಅಂದರೆ ಸದ್ಯಕ್ಕೆ ಸೆನ್ಸರಿನ ಮೇಲೆ ಅನುಮಾನವಿಲ್ಲ, ನಡುವಿನ ವೈರಿನದ್ದೇ ತೊಂದರೆ. (ಎರಡೇ ವೈರಿರುವ ಉಷ್ಣಾಂಶದ ಸೆನ್ಸರಿಗೆ ಮಾತ್ರ ಈ ಉಪಾಯ. ಮೂರು ವೈರಿನದ್ದಕ್ಕೆ ಹೀಗೆ ಮಾಡಿದರೆ ಸಪ್ಲೈ ಶಾರ್ಟ್ ಆದೀತು.) ವೈರು ಹಿಡಿದುಕೊಂಡು ಹೋದೆ. ಬ್ಯಾಟರಿ ತಟ್ಟೆಯ ಹಿಂದೆ ಪ್ಲಾಸ್ಟಿಕ್ ಕೊಳವೆಯನ್ನು ಇಲಿ ಕಡಿದಿತ್ತು, ಒಳಗೆ ಒಂದೇ ಒಂದು ವೈರು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ತುಂಡಾಗಿತ್ತು, ತಾಮ್ರ ಹಸಿರುಗಟ್ಟಿತ್ತು. ಕೊಳೆತ ತುದಿ ಕತ್ತರಿಸಿ, ಹೊಸ ತುಂಡು ಸೇರಿಸಿ ಬೆಸುಗೆ ಹಾಕಿ, ಶ್ರಿಂಕ್ ಟ್ಯೂಬ್ ಏರಿಸಿದೆ. ಅಂಕಿ 36ಕ್ಕೆ ಬಂತು.

ಇದಕ್ಕೆ ಬೇಕಾದದ್ದು ಮಲ್ಟಿಮೀಟರ್, ಓದುವ ತಾಳ್ಮೆ, ಅಷ್ಟೆ. ಇನ್ನು ಬಿಡಬೇಕಾದ ಅಭ್ಯಾಸಗಳಿಗೆ ಬರುತ್ತೇನೆ.

ಆಗ ಚಾರ್ಜ್ ಆಗುತ್ತಿದೆಯೋ ಇಲ್ಲವೋ ನೋಡಲು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಳಚುತ್ತಿದ್ದೆವು. ಎಂಜಿನ್ ನಿಲ್ಲದಿದ್ದರೆ ಡೈನಮೋ ಸರಿ. ಈಗಿನ ಗಾಡಿಯಲ್ಲಿ ಹಾಗೆ ಮಾಡಿದರೆ ಆಲ್ಟರ್ನೇಟರಿನಿಂದ ವೋಲ್ಟೇಜ್ ಒಮ್ಮೆಲೇ ಏರಿ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರು, ಸುಟ್ಟುಹೋಗಬಹುದು. ಮಿಸ್ಸಿಂಗ್ ಹುಡುಕಲು ಒಂದೊಂದೇ ಪ್ಲಗ್ ವೈರ್ ಎಳೆಯುತ್ತಿದ್ದುದೂ ಅಷ್ಟೇ. ಈಗ ಹಾಗೆ ಮಾಡಿದರೆ ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್ ಹೋಗುತ್ತದೆ, ಉರಿಯದ ಪೆಟ್ರೋಲ್ ಸೈಲೆನ್ಸರಿಗಿಂತ ಮೊದಲಿನ, ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಇಳಿದು ಅದೂ ಹಾಳಾಗುತ್ತದೆ. ಬದಲಿಗೆ ಪಿ0301, ಪಿ0302 ಎಂದು ಸ್ಕ್ಯಾನರೇ (ಅದೇ ಡಾಂಗಲ್, ಮೊಬೈಲು) ಸಿಲಿಂಡರಿನ ನಂಬರ್ ಹೇಳುತ್ತದೆ. ಎರಡು ಸಿಲಿಂಡರುಗಳ ಕಾಯಿಲ್ ಅದಲುಬದಲು ಮಾಡಿ ಮತ್ತೆ ಓದಿ. ನಂಬರ್ ಬದಲಾದರೆ ತಪ್ಪು ಕಾಯಿಲಿನದು.

ಎಲ್ಲಕ್ಕಿಂತ ಅಪಾಯದ್ದು ಡೀಸೆಲ್ಲಿನದು. ಅಂಬಾಸಡರ್ ಡೀಸೆಲ್‌ನಲ್ಲಿ ಎಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಎಂದು ನೋಡುವುದನ್ನು ಗ್ಯಾರೇಜಿನ ಹುಡುಗರೂ ಮಾಡುತ್ತಿದ್ದರು. ಈಗಿನ ಕಾಮನ್ ರೈಲ್ ಡೀಸೆಲ್ ಎಂಜಿನ್ನಿನಲ್ಲಿ ಆ ಪೈಪುಗಳೊಳಗಿನ ಒತ್ತಡ 1600 ಬಾರ್, ಕೆಲವದರಲ್ಲಿ ಇನ್ನೂ ಹೆಚ್ಚು. ಟೈರಿನೊಳಗಿನ ಗಾಳಿ ಎರಡು ಬಾರ್ ಚಿಲ್ಲರೆ ಎಂದರೆ ಅಂದಾಜು ಮಾಡಿಕೊಳ್ಳಿ. ಎಳೆಯಷ್ಟು ಸಣ್ಣ ಡೀಸೆಲ್ ಚಿಲುಮೆ ಚರ್ಮ ತೂರಿ ಒಳಗಿಳಿಯುತ್ತದೆ, ಹೊರಗೆ ಸೂಜಿಮೊನೆಯ ಗುರುತಷ್ಟೇ ಕಾಣುತ್ತದೆ. ಒಳಗಿನ ಮಾಂಸ ಕೊಳೆಯುವ ಮೊದಲು ಶಸ್ತ್ರಚಿಕಿತ್ಸೆ ಆಗಬೇಕು. ಆ ಪೈಪುಗಳ ಹತ್ತಿರ ಲೀಕ್ ಹುಡುಕಲೂ ನಾನು ಕೈ ಹಾಕುವುದಿಲ್ಲ.

ನಿಜವಾಗಿಯೂ ಮನೆಯಲ್ಲಿ ಆಗದ ಕೆಲಸಗಳೂ ಇವೆ. ಹೊಸ ಕೀಲಿಯನ್ನು ಇಮ್ಮೊಬಿಲೈಸರಿಗೆ (ಗುರುತಿಲ್ಲದ ಕೀಲಿಗೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಭಾಗ) ಪರಿಚಯಿಸುವುದು, ಡೀಸೆಲ್ ಇಂಜೆಕ್ಟರಿನ ಕೋಡನ್ನು ಇಸಿಯುಗೆ ಬರೆಯುವುದು ಇತ್ಯಾದಿ. ಇಲ್ಲಿ ನನ್ನ ಸಿಟ್ಟು ಕಂಪ್ಯೂಟರಿನ ಮೇಲಲ್ಲ. ಆ ಸಾಫ್ಟ್‌ವೇರು ನಮ್ಮ ಕೈಗೆ ಸಿಗದಿರುವುದು, ಹತ್ತು ರೂಪಾಯಿಯ ವಾಷರ್ ಬೇಕೆಂದರೆ ಇಡೀ ಅಸೆಂಬ್ಲಿ ಕೊಳ್ಳಿ ಅನ್ನುವುದು, ಇವುಗಳ ಮೇಲೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಪದ್ಮಿನಿಯ ಕಾರ್ಬ್ಯುರೇಟರ್ ಕಿಟ್ಟನ್ನು ಬಿಡಿಯಾಗಿ ತಂದವನಿಗೆ ಇದು ಜಾಸ್ತಿಯೇ ಚುಚ್ಚುತ್ತದೆ.

ಪೆಟ್ರೋಲ್ ಎಂಜಿನ್ನಿನ ಜತೆ ಕರೆಂಟಿನ ಮೋಟಾರೂ ಇರುವ ಹೈಬ್ರಿಡ್ ನನಗೆ ಸಿಕ್ಕಿದ್ದು ಭಾವನ ಕಾರಿನಿಂದ. 2014ರ ಕ್ಯಾಮ್ರಿ, ಬಿಡದಿಯಲ್ಲೇ ಜೋಡಿಸಿದ್ದು, ಸೆಕೆಂಡ್ ಹ್ಯಾಂಡ್ ತಂದಿದ್ದರು. ಒಂದು ದಿನ ಗಾಡಿ ಹೊರಡಲು ಸಿದ್ಧ ಎಂದು ತೋರಿಸುವ 'ರೆಡಿ' ಲೈಟೇ ಬರಲಿಲ್ಲ. ಹಿಂದಿನ ಸೀಟಿನ ಬೆನ್ನಿಗೆ 244.8 ವೋಲ್ಟಿನ ಬ್ಯಾಟರಿ ಇದೆ, ಆದರೆ ಕಂಪ್ಯೂಟರುಗಳನ್ನು ಎಬ್ಬಿಸಿ ಆ ಬ್ಯಾಟರಿಯ ರಿಲೇ ಸೇರಿಸುವುದು ಡಿಕ್ಕಿಯಲ್ಲಿರುವ ಮಾಮೂಲಿ 12 ವೋಲ್ಟಿನದು. ಮೀಟರ್ ಹಿಡಿದರೆ ಹನ್ನೊಂದೂ ಇರಲಿಲ್ಲ. 'ಅಷ್ಟು ದೊಡ್ಡದು ಇದ್ದೂ ಗಾಡಿ ಏಳ್ಲಿಕ್ಕೆ ಈ ಸಣ್ಣದು ಬೇಕಾ ಮಾರಾಯಾ?' ಅಂದರು ಭಾವ. ಹೊಸದು ಹಾಕುವಾಗ ಗ್ಯಾಸ್ ಹೊರಹೋಗುವ ಸಣ್ಣ ಪೈಪು ಜೋಡಿಸಲು ಮರೆಯಬಾರದು, ಬ್ಯಾಟರಿ ಇರುವುದು ಗಾಡಿಯ ಒಳಗೆ.

ಎಂಜಿನ್ ಆಯಿಲ್, ಪ್ಲಗ್, ದೊಡ್ಡ ಬ್ಯಾಟರಿಗೆ ಗಾಳಿ ಎಳೆಯುವ ಜಾಲರಿಯ ಧೂಳು ತೆಗೆಯುವುದು, ಇಷ್ಟು ನಾನೇ ಮಾಡುತ್ತೇನೆ. ಬಾನೆಟ್ ಎತ್ತುವ ಮೊದಲು ಕೀಲಿಯನ್ನು ಮನೆಯೊಳಗೆ ದೂರ ಇಟ್ಟು ಬರುತ್ತೇನೆ. ರೆಡಿ ಇದ್ದರೆ ಸದ್ದಿಲ್ಲದೆ ನಿಂತ ಎಂಜಿನ್ ಯಾವಾಗ ಬೇಕಾದರೂ ತಾನಾಗಿ ಸ್ಟಾರ್ಟ್ ಆದೀತು. ಹೈ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್ಲನ್ನು ಮಾತ್ರ ಮುಟ್ಟುವುದಿಲ್ಲ. ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕಿತ್ತ ಮೇಲೂ ಇನ್ವರ್ಟರಿನ ಕೆಪಾಸಿಟರಿನಲ್ಲಿ ಉಳಿದ ಕರೆಂಟು ಇಳಿಯಲು ಹತ್ತು ನಿಮಿಷ ಕಾಯಬೇಕು, 1000 ವೋಲ್ಟ್ ತಡೆಯುವ, ಸೂಜಿತೂತೂ ಇಲ್ಲದ ಕೈಗವಸು ಬೇಕು. ಅದು ನನ್ನ ಬಳಿ ಇಲ್ಲ.

ಎಸಿ ಗ್ಯಾಸ್ ತುಂಬಿಸಲು ಹೊರಗೆ ಕೊಟ್ಟರೂ ಗಾಡಿಯ ಜತೆ ನಾನೂ ಹೋಗುತ್ತೇನೆ. ಈ ಕಂಪ್ರೆಸರ್ ಬೆಲ್ಟಿನದ್ದಲ್ಲ, ಹೈ ವೋಲ್ಟೇಜಿನ ಮೋಟಾರು, ಅದರ ಸುರುಳಿ ಎಣ್ಣೆಯಲ್ಲೇ ತೊಯ್ದಿರುತ್ತದೆ. ಬೆಲ್ಟಿನ ಕಂಪ್ರೆಸರಿಗೆ ಹಾಕುವ ಮಾಮೂಲಿ ಪಿಎಜಿ ಎಣ್ಣೆ ಬಿದ್ದರೆ ಇನ್ಸುಲೇಶನ್ ಕೆಟ್ಟು, ಕರೆಂಟು ಗಾಡಿಯ ಲೋಹದ ಮೈಗೆ ಹರಿಯುತ್ತಿದೆ ಎಂದು ಗಾಡಿ ಹೊರಡಲು ಒಪ್ಪದೆ ನಿಲ್ಲಬಹುದು. ಮೊದಲು ಮೆಶಿನ್ನಿನ ಹೋಸಿನಲ್ಲಿ ಬೇರೆ ಕಾರಿನ ಎಣ್ಣೆ ಉಳಿದಿದೆಯೇ ಎಂದು ಕೇಳುತ್ತೇನೆ, ಆಮೇಲೆ ಡಬ್ಬದ ಮೇಲೆ ಈ ಕಂಪ್ರೆಸರಿಗೆ ಬೇಕಾದ ಎಣ್ಣೆಯ ಹೆಸರು ಎನ್‌ಡಿ-11 ಎಂದಿದೆಯೇ ಓದುತ್ತೇನೆ. ಹುಡುಗರು ಗೊಣಗುತ್ತಾರೆ, ಗೊಣಗಲಿ.